ಬಾಲ್ಯಸಂಸ್ಕಾರ ಮತ್ತು ಆತ್ಮಪರಿಷ್ಕಾರ: ಜಾನ್ ಸ್ಟೂಅರ್ಟ್ ಮಿಲ್ಲನ ಆತ್ಮಕಥೆಯ ಒಂದು ಪರಿಶೀಲನೆ

ಭಾರತದ ಇತಿಹಾಸವನ್ನು ಅಭ್ಯಸಿಸುವ ಯಾವ ವಿದ್ಯಾರ್ಥಿಗೂ ಜೇಮ್ಸ್ ಮಿಲ್ಲನ ಹೆಸರು ಅಪರಿಚಿತವಲ್ಲ. ಈ ದೇಶಕ್ಕೆ ಒಮ್ಮೆಯೂ ಬಾರದೆ, ಇಲ್ಲಿನ ಯಾವ ಭಾಷೆಯನ್ನೂ ಕಲಿಯದೆ, ಆ ಎರಡು ಕೊರತೆಗಳೇ ನಿಷ್ಪಕ್ಷಪಾತವಾದ ವಿಚಾರಕ್ಕೆ ಅನುಕೂಲವೆಂದು ಪೀಠಿಕೆಯಲ್ಲಿ ವಾದಿಸಿ, ಆತನು ಬರೆದ 'ಬ್ರಿಟಿಷ್ ಭಾರತದ ಇತಿಹಾಸ'ವು ೧೮೧೭ರ ಕೊನೆಯಲ್ಲಿ ಮೂರು ಸಂಪುಟಗಳಲ್ಲಿ ಹೊರಬಂದಿತು. ನಮ್ಮ ಪಠ್ಯಪುಸ್ತಕಗಳು ಬಹುಕಾಲ ಅನುಸರಿಸಿಕೊಂಡು ಬಂದ ಹಿಂದೂ, ಮುಸ್ಲಿಂ, ಬ್ರಿಟಿಷ್ ಎಂಬ ಕಾಲವಿಭಾಗಕ್ಕೆ ಮೂಲವನ್ನು ಈ ಗ್ರಂಥದಲ್ಲಿಯೇ ಗುರುತಿಸುವುದು ವಾಡಿಕೆ. ಹೈದರಾಲಿ, ಟಿಪ್ಪು ಸುಲ್ತಾನರ ಯುದ್ಧಗಳ ವಿಚಾರದಲ್ಲಿ ಆತನು, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನ ಗ್ರಂಥವನ್ನು ಬಹುವಾಗಿ ಆಶ್ರಯಿಸಿದ್ದನೆಂಬುದೂ ನಮ್ಮಲ್ಲಿ ಅನೇಕರಿಗೆ ತಿಳಿದ ವಿಷಯ.

ಆದರೆ ಆ ಇತಿಹಾಸವು ಸಿದ್ಧವಾಗುತ್ತಿದ್ದ ಮೇಜಿನಲ್ಲಿಯೇ ಮತ್ತೊಂದು ಕಾರ್ಯವೂ ಏಕಕಾಲದಲ್ಲಿ ನಡೆಯುತ್ತಿದ್ದಿತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಗ್ರಂಥರಚನೆ ಆರಂಭವಾದ ೧೮೦೬ರಲ್ಲಿಯೇ, ಮೇ ೨೦ರಂದು, ಜೇಮ್ಸನಿಗೆ ಹಿರಿಯ ಮಗನು ಹುಟ್ಟಿದನು. ಮನುಷ್ಯನ ಮನಸ್ಸು ಅಭ್ಯಾಸದಿಂದಲೂ ಸಂಸರ್ಗದಿಂದಲೂ ರೂಪುಗೊಳ್ಳತಕ್ಕದ್ದೆಂದು ದೃಢವಾಗಿ ನಂಬಿದ್ದ ತಂದೆಯು, ಆ ನಂಬಿಕೆಯನ್ನು ತನ್ನ ಮಗನ ಮೇಲೆಯೇ ಪ್ರಯೋಗಿಸಿ ನೋಡಲು ಸಂಕಲ್ಪಿಸಿದನು. ಹೀಗೆ ಹನ್ನೊಂದು ವರ್ಷಗಳ ಕಾಲ ಒಂದು ಗ್ರಂಥವೂ ಒಬ್ಬ ಮನುಷ್ಯನೂ ಒಂದೇ ಕೈಯಲ್ಲಿ ರೂಪುಗೊಂಡರು. ಗ್ರಂಥವನ್ನು ಕುರಿತು ನಮ್ಮಲ್ಲಿ ಚರ್ಚೆ ಸಾಕಷ್ಟು ನಡೆದಿದೆ. ಆ ಮನುಷ್ಯನು, ಎಂದರೆ ಜಾನ್ ಸ್ಟೂಅರ್ಟ್ ಮಿಲ್ಲನು, ತನ್ನ ಬಾಲ್ಯವನ್ನು ಬೆಳೆದ ಮೇಲೆ ಹೇಗೆ ಅರಿತುಕೊಂಡನು, ಆ ಅರಿವಿನಿಂದ ಅವನ ಮನಸ್ಸಿನ ಗಾಯವು ಎಷ್ಟರಮಟ್ಟಿಗೆ ಮಾಯಿತು, ಎಷ್ಟು ಮಾಯದೆ ಉಳಿಯಿತು ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ಇದಕ್ಕೆ ನಮಗಿರುವ ಮುಖ್ಯ ಆಧಾರ ಅವನ ಆತ್ಮಕಥೆ. ಅದು ಅವನು ತೀರಿಕೊಂಡ ೧೮೭೩ರಲ್ಲಿ ಪ್ರಕಟವಾಯಿತು. ಆದರೆ ಅದಕ್ಕೂ ಹಿಂದೆ, ೧೮೫೩-೫೪ರ ಸುಮಾರಿನಲ್ಲಿ, ಅವನು ಬರೆದಿದ್ದ ಮೊದಲ ಕರಡೊಂದು ಉಳಿದುಬಂದು, ಜ್ಯಾಕ್ ಸ್ಟಿಲ್ಲಿಂಜರ್ ಎಂಬ ವಿದ್ವಾಂಸನ ಸಂಪಾದನೆಯಲ್ಲಿ ೧೯೬೧ರಲ್ಲಿ ಅಚ್ಚಾಯಿತು. ಈ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದಾಗ ಮಾತ್ರ ನಮ್ಮ ಪ್ರಶ್ನೆಗೆ ಉತ್ತರದ ದಾರಿ ಕಾಣುತ್ತದೆ.

ಬಾಲಕನ ಶಿಕ್ಷಣದ ಕಥೆಯು ಪ್ರಸಿದ್ಧವಾದುದು. ಆದರೂ ಅದರ ವಿವರಗಳನ್ನು ಇಲ್ಲಿ ಸ್ವಲ್ಪ ಹೇಳಲೇಬೇಕಾಗಿದೆ. ಮೂರನೆಯ ವಯಸ್ಸಿನಲ್ಲಿ ಗ್ರೀಕ್ ಭಾಷೆಯ ಪಾಠ ಮೊದಲಾಯಿತು. ತಂದೆಯು ಗ್ರೀಕ್ ಶಬ್ದಗಳನ್ನೂ ಅವುಗಳ ಅರ್ಥವನ್ನೂ ಚೀಟಿಗಳಲ್ಲಿ ಬರೆದುಕೊಡುತ್ತಿದ್ದನು. ಈಸೋಪನ ನೀತಿಕಥೆಗಳ ಬಳಿಕ ಕ್ಸೆನೊಫನ್, ಹೆರೊಡೊಟಸ್. ಏಳನೆಯ ವಯಸ್ಸಿನಲ್ಲಿ ಪ್ಲೇಟೋವಿನ ಆರು ಸಂವಾದಗಳು. ಅವುಗಳಲ್ಲಿ ಕೊನೆಯದಾದ 'ಥಿಯೇಟಿಟಸ್' ತನಗೆ ಅರ್ಥವಾಗುವ ಸಂಭವವೇ ಇರಲಿಲ್ಲವೆಂದು ಮಿಲ್ಲನು ಮುಂದೆ ಹೇಳಿಕೊಂಡಿದ್ದಾನೆ. ಎಂಟನೆಯ ವಯಸ್ಸಿನಲ್ಲಿ ಲ್ಯಾಟಿನ್, ಹನ್ನೆರಡಕ್ಕೆ ತರ್ಕಶಾಸ್ತ್ರ, ಹದಿಮೂರಕ್ಕೆ ರಿಕಾರ್ಡೊವಿನ ಅರ್ಥಶಾಸ್ತ್ರ. ಗ್ರೀಕ್-ಇಂಗ್ಲಿಷ್ ನಿಘಂಟು ಆಗ ದೊರೆಯುತ್ತಿರಲಿಲ್ಲವಾದುದರಿಂದ ತಿಳಿಯದ ಪ್ರತಿಯೊಂದು ಪದವನ್ನೂ ಬಾಲಕನು ಎದುರಿಗೆ ಕುಳಿತು ಬರೆಯುತ್ತಿದ್ದ ತಂದೆಯನ್ನೇ ಕೇಳಬೇಕಾಗಿದ್ದಿತು. ಸ್ವಭಾವತಃ ಅಸಹನಶೀಲನಾದ ಆ ಮನುಷ್ಯನು ಈ ಅಡ್ಡಿಗಳನ್ನೆಲ್ಲ ಸಹಿಸಿಕೊಂಡು ಭಾರತದ ಇತಿಹಾಸದ ಸಂಪುಟಗಳನ್ನು ಬರೆದು ಮುಗಿಸಿದನೆಂಬುದನ್ನು ಮಗನು ವಿಶೇಷ ಗೌರವದಿಂದಲೇ ಸ್ಮರಿಸಿದ್ದಾನೆ. ಬೆಳಗಿನ ಉಪಾಹಾರಕ್ಕೆ ಮೊದಲು ತಂದೆಮಕ್ಕಳು ಹೊಲದ ದಾರಿಯಲ್ಲಿ ನಡೆಯುತ್ತಿದ್ದರು. ಹಿಂದಿನ ದಿನ ಓದಿದುದನ್ನು ಚೀಟಿಗಳಲ್ಲಿ ಗುರುತುಮಾಡಿಕೊಂಡು ಬಂದಿದ್ದ ಬಾಲಕನು ಅದನ್ನು ಒಪ್ಪಿಸುತ್ತಿದ್ದನು. ರಜೆಯೆಂಬುದು ಇರಲಿಲ್ಲ. ರಜೆ ಕೊಟ್ಟರೆ ದುಡಿಮೆಯ ಅಭ್ಯಾಸ ತಪ್ಪಿ ಸೋಮಾರಿತನಕ್ಕೆ ರುಚಿ ಹತ್ತೀತೆಂಬ ಭಯ. ಇತರ ಹುಡುಗರ ಸಹವಾಸವಂತೂ ನಿಷಿದ್ಧವಾಗಿದ್ದಿತು.

ಈ ಪದ್ಧತಿಯು ಕೇವಲ ಉರುಹೊಡೆಸುವ ಪದ್ಧತಿಯಾಗಿರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಒಪ್ಪಬೇಕು. ಯೋಚಿಸಿ ಕಂಡುಕೊಳ್ಳಬಹುದಾದ ಯಾವುದನ್ನೂ ಬಾಲಕನು ತನ್ನ ಶಕ್ತಿಯನ್ನೆಲ್ಲ ವ್ಯಯಮಾಡುವವರೆಗೆ ತಂದೆಯು ಹೇಳಿಕೊಡುತ್ತಿರಲಿಲ್ಲ. ನಮ್ಮ ತರಗತಿಗಳಲ್ಲಿ ಟಿಪ್ಪಣಿ ಹೇಳಿ ಬರೆಸುವ ನಾವು ಈ ಮಾತನ್ನು ಓದುವಾಗ ತಲೆತಗ್ಗಿಸಬೇಕಾದ ಪ್ರಸಂಗವುಂಟು. ಆದರೆ ಅದೇ ತಂದೆಯ ಇನ್ನೊಂದು ಮುಖವನ್ನು ಕಂಡ ಹೊರಗಿನ ಸಾಕ್ಷಿಯೊಬ್ಬನಿದ್ದಾನೆ. ಲಂಡನ್ನಿನಲ್ಲಿ ದರ್ಜಿಯ ವೃತ್ತಿಯಿಂದ ಮೇಲೆ ಬಂದು ರಾಜಕೀಯ ಸುಧಾರಕನೆಂದು ಹೆಸರಾದ ಫ್ರಾನ್ಸಿಸ್ ಪ್ಲೇಸನು ೧೮೧೭ರ ಬೇಸಗೆಯಲ್ಲಿ ಮಿಲ್ ಕುಟುಂಬದೊಡನೆ, ಜೆರೆಮಿ ಬೆಂಥಮನು ಬಾಡಿಗೆಗೆ ಹಿಡಿದಿದ್ದ ಫೋರ್ಡ್ ಆಬಿ ಎಂಬ ಹಳೆಯ ಮಠದ ಮನೆಯಲ್ಲಿ ಅತಿಥಿಯಾಗಿದ್ದನು. ಅಲ್ಲಿಂದ ಹೆಂಡತಿಗೆ ಬರೆದ ಕಾಗದದಲ್ಲಿ ಅವನು ಒಂದು ಮಧ್ಯಾಹ್ನದ ನೋಟವನ್ನು ವರ್ಣಿಸುತ್ತಾನೆ. ಇಬ್ಬರು ಚಿಕ್ಕ ಹುಡುಗಿಯರು ಪಾಠ ಸರಿಯಾಗಿ ಒಪ್ಪಿಸಲಿಲ್ಲ. ಒಂದು ಗಂಟೆಗೆ ಮೇಲಕ್ಕೆ ಹೋಗಿದ್ದ ಊಟವು ಹಾಗೆಯೇ ಕೆಳಕ್ಕೆ ಬಂದಿತು. ಮೂರು ಗಂಟೆಯಾದರೂ ಅವರು ಪುಸ್ತಕದ ಮುಂದೆಯೇ ಕುಳಿತಿದ್ದರು. ಆರು ಗಂಟೆಯವರೆಗೆ ಊಟವಿಲ್ಲ. ಅವರಿಗೆ ಪಾಠ ಹೇಳುವ ಹೊಣೆ ಅಣ್ಣನದು. ಬಾರದ ಪಾಠವನ್ನು ಬಂದಿತೆಂದು ಬಿಟ್ಟ ತಪ್ಪಿಗಾಗಿ ಹನ್ನೊಂದು ವರ್ಷದ ಆ ಅಣ್ಣನಿಗೂ ಅದೇ ಶಿಕ್ಷೆ. ಅಂದಿನ ಅಪರಾಧವು ಒಂದೇ ಒಂದು ಪದದಲ್ಲಿ ಆದ ತಪ್ಪು. ಇದೇ ಫೋರ್ಡ್ ಆಬಿಯ ವಿಶಾಲವಾದ, ಎತ್ತರವಾದ ಕೋಣೆಗಳು ತನಗೆ ದೊಡ್ಡದಾದ ಮತ್ತು ಸ್ವತಂತ್ರವಾದ ಜೀವನದ ಭಾವವನ್ನು ಕೊಟ್ಟವೆಂದು ಮಿಲ್ಲನು ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಬರೆದಿದ್ದಾನೆ. ಮನೆಯೊಂದೇ, ಬೇಸಗೆಯೊಂದೇ. ಮುದುಕನಾಗಿ ಹಿಂದಿರುಗಿ ನೋಡುವವನ ನೆನಪು ಯಾವುದನ್ನು ಉಳಿಸಿಕೊಳ್ಳುತ್ತದೆ ಎಂಬುದನ್ನು ಇತಿಹಾಸಕಾರನು ಗಮನಿಸಬೇಕಾದುದು ಇಂತಹ ಕಡೆ.

ಹೀಗೆ ಬೆಳೆದ ಹುಡುಗನು ಹದಿನೈದನೆಯ ವಯಸ್ಸಿನಲ್ಲಿ ಬೆಂಥಮನ ಗ್ರಂಥವನ್ನು ಓದಿ, ಲೋಕವನ್ನು ಸುಧಾರಿಸುವುದೇ ತನ್ನ ಜೀವನದ ಗುರಿಯೆಂದು ನಿರ್ಧರಿಸಿದನು. ೧೮೨೩ರಲ್ಲಿ, ಹದಿನೇಳು ತುಂಬಿದ ಮರುದಿನ, ತಂದೆಯು ಕೆಲಸಮಾಡುತ್ತಿದ್ದ ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಯನ್ನೇ, ತಂದೆಯ ಕೈಕೆಳಗೇ, ಸೇರಿದನು. ಬೆಂಥಮನ ಅಸ್ತವ್ಯಸ್ತವಾದ ಹಸ್ತಪ್ರತಿಗಳನ್ನು ಒಟ್ಟುಗೂಡಿಸಿ ಸಾಕ್ಷ್ಯಶಾಸ್ತ್ರವನ್ನು ಕುರಿತ ಐದು ದೊಡ್ಡ ಸಂಪುಟಗಳನ್ನು ಸಿದ್ಧಪಡಿಸುವ ಭಾರವನ್ನೂ ಹೊತ್ತನು. ಮುಂದೆ ೧೮೨೬ರ ಶರತ್ಕಾಲದಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅವನು ಒಂದು ದಿನ ತನ್ನನ್ನು ತಾನೇ ಒಂದು ಪ್ರಶ್ನೆ ಕೇಳಿಕೊಂಡನು: ತಾನು ಬಯಸುವ ಸುಧಾರಣೆಗಳೆಲ್ಲವೂ ಈ ಕ್ಷಣವೇ ಕೈಗೂಡಿದರೆ ತನಗೆ ಸಂತೋಷವಾಗುವುದೇ? ಆಗುವುದಿಲ್ಲವೆಂದು ಅಂತರಂಗವು ಸ್ಪಷ್ಟವಾಗಿ ನುಡಿಯಿತು. ಜೀವನವನ್ನು ನಿಲ್ಲಿಸಿದ್ದ ಆಧಾರವೇ ಅಂದು ಕುಸಿದುಬಿದ್ದಿತು.

ಅವನ ಈ ಮನೋವ್ಯಾಕುಲತೆಯ ವಿಚಾರದಲ್ಲಿ ನಮಗೆ ಅತ್ಯಂತ ಮುಖ್ಯವೆಂದು ತೋರುವುದು ದುಃಖದ ತೀವ್ರತೆಯಲ್ಲ. ಅದನ್ನು ಹೇಳಿಕೊಳ್ಳಲು ಯಾರೂ ಇಲ್ಲದಿದ್ದುದು. ಎಲ್ಲ ಕಷ್ಟಗಳಲ್ಲಿಯೂ ಸಹಜವಾಗಿ ಆಶ್ರಯಿಸಬೇಕಾದ ತಂದೆಯೇ ಈ ಕಷ್ಟದಲ್ಲಿ ಕಟ್ಟಕಡೆಯವನಾದನು. ಇಂತಹ ನೋವು ತಂದೆಗೆ ಅರ್ಥವಾಗದು. ಅರ್ಥವಾದರೂ ಅದನ್ನು ಗುಣಪಡಿಸುವ ವೈದ್ಯನು ಅವನಲ್ಲ. ತಾನು ಕೊಟ್ಟ ಶಿಕ್ಷಣವು ವಿಫಲವಾಯಿತೆಂದು ತಿಳಿದು ಅವನಿಗೆ ವ್ಯಥೆಯಾಗುವುದೊಂದೇ ಫಲ. ಮನಸ್ಸನ್ನು ತೋಡಿಕೊಳ್ಳಲೇಬೇಕೆನಿಸುವಷ್ಟು ಯಾರನ್ನಾದರೂ ಪ್ರೀತಿಸಿದ್ದಿದ್ದರೆ ಆ ದುಃಸ್ಥಿತಿಯೇ ತನಗೆ ಬರುತ್ತಿರಲಿಲ್ಲವೆಂದು ಅವನು ಹೇಳುವ ಮಾತು ಬಹು ಆಳವಾದುದು. ಅವನು ಕಚೇರಿಗೆ ಹೋಗುವುದನ್ನು ಬಿಡಲಿಲ್ಲ, ಚರ್ಚಾಕೂಟಗಳಲ್ಲಿ ಭಾಷಣಮಾಡುವುದನ್ನೂ ಬಿಡಲಿಲ್ಲ. ಯಂತ್ರದಂತೆ ಎಲ್ಲವೂ ನಡೆಯಿತು. ಮನೆಯವರಿಗೂ ಸ್ನೇಹಿತರಿಗೂ ಏನೂ ತಿಳಿಯಲಿಲ್ಲ. ಈ ಸ್ಥಿತಿಯಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬದುಕಿರಲಾರೆನೆಂದು ತೋರುತ್ತಿತ್ತೆಂದು ಅವನು ಬರೆದಿದ್ದಾನೆ.

ಮೊದಲ ಬೆಳಕು ಬಂದುದು ಅನಿರೀಕ್ಷಿತವಾದ ಒಂದು ಕಡೆಯಿಂದ. ಹದಿನೆಂಟನೆಯ ಶತಮಾನದ ಫ್ರೆಂಚ್ ಸಾಹಿತಿ ಮಾರ್ಮೊಂತೆಲನ ಸ್ಮೃತಿಗ್ರಂಥವನ್ನು ಓದುತ್ತಿದ್ದಾಗ, ಆ ಲೇಖಕನು ಬಾಲಕನಾಗಿದ್ದಾಗ ತಂದೆಯು ತೀರಿಹೋದುದು, ಕುಟುಂಬವು ದಿಕ್ಕುಗೆಟ್ಟುದು, ಕಳೆದುಹೋದವನ ಸ್ಥಾನವನ್ನೆಲ್ಲ ತಾನೇ ತುಂಬುವೆನೆಂದು ಆ ಹುಡುಗನಿಗೆ ಥಟ್ಟನೆ ಸ್ಫೂರ್ತಿಯುಂಟಾದುದು—ಈ ಪ್ರಸಂಗಕ್ಕೆ ಬಂದಾಗ ಮಿಲ್ಲನಿಗೆ ಕಣ್ಣೀರು ಬಂದಿತು. ತನ್ನಲ್ಲಿ ಭಾವವೆಂಬುದು ಸತ್ತುಹೋಗಿಲ್ಲ, ತಾನು ಕಲ್ಲೋ ಕೊರಡೋ ಅಲ್ಲವೆಂಬ ಭರವಸೆ ಅಂದಿನಿಂದ ಮೂಡಿತು. ಮುಂದೆ ೧೮೨೮ರ ಶರತ್ಕಾಲದಲ್ಲಿ ವರ್ಡ್ಸ್‌ವರ್ತನ ಕವಿತೆಗಳನ್ನು ಓದಿ, ಪ್ರಶಾಂತವಾದ ಚಿಂತನದಲ್ಲಿಯೂ ಪ್ರಕೃತಿಯ ಸೌಂದರ್ಯದಲ್ಲಿಯೂ ಯಾವ ಹೋರಾಟಕ್ಕೂ ಸಂಬಂಧಿಸದ, ಎಲ್ಲರೂ ಹಂಚಿಕೊಳ್ಳಬಹುದಾದ ಆನಂದದ ಒರತೆಯಿದೆಯೆಂದು ಅರಿತನು. ಅದಕ್ಕೆ ಮೊದಲು ಬೈರನ್ನನ್ನು ಓದಿ ನೋಡಿದ್ದನು; ಆ ಕವಿಯ ದುಃಖವು ತನ್ನ ದುಃಖದಂತೆಯೇ ಇದ್ದುದರಿಂದ ಪ್ರಯೋಜನವಾಗಲಿಲ್ಲವಂತೆ.

ಮಾರ್ಮೊಂತೆಲನ ಪ್ರಸಂಗವು ಮನೋವಿಶ್ಲೇಷಕರ ಕಣ್ಣಿಗೆ ಬೀಳದೆ ಇರುವುದು ಸಾಧ್ಯವಿರಲಿಲ್ಲ. ೧೯೪೫ರಲ್ಲಿ ಆಲ್ಬರ್ಟ್ ವಿಲಿಯಂ ಲೆವಿ ಎಂಬ ವಿದ್ವಾಂಸನು, ಮಗನಲ್ಲಿ ತಂದೆಯ ಮರಣವನ್ನು ಬಯಸುವ ಗೂಢವಾದ ಇಚ್ಛೆಯೊಂದಿದ್ದು, ಅದರ ಅಪರಾಧಭಾವವೇ ಈ ವ್ಯಾಕುಲತೆಗೆ ಕಾರಣವಾಯಿತೆಂದೂ, ಆ ಪುಟಗಳನ್ನು ಓದಿ ಅತ್ತಾಗ ಆ ಇಚ್ಛೆಗೆ ಬಿಡುಗಡೆ ದೊರೆಯಿತೆಂದೂ ವಾದಿಸಿದನು. ಇದನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಲೋಕದ ಅಷ್ಟೊಂದು ಪುಸ್ತಕಗಳಲ್ಲಿ, ತಂದೆಯನ್ನು ಕಳೆದುಕೊಂಡು ತಾನೇ ಮನೆಯ ಹಿರಿಯನಾಗಿ ನಿಂತ ಮಗನ ಕಥೆಯೇ ಅವನನ್ನು ಅಳಿಸಿತೆಂಬುದು ಕಾಕತಾಳೀಯವೆನ್ನಲು ನಮಗೂ ಮನಸ್ಸು ಬಾರದು. ಆದರೆ ಒಂದು ಕಣ್ಣೀರಿನಿಂದ ಒಂದು ಸಿದ್ಧಾಂತವನ್ನೇ ಕಟ್ಟುವುದು ಅಪಾಯಕರ. ೧೯೧೦ರಲ್ಲಿ ಫ್ರಾಯ್ಡನು ಲಿಯೊನಾರ್ಡೊನ ಬಾಲ್ಯಸ್ಮೃತಿಯೊಂದನ್ನು ಹಿಡಿದು, ಅದರಲ್ಲಿ ಬರುವ ರಣಹದ್ದನ್ನು ಈಜಿಪ್ಟಿನ ಮಾತೃದೇವತೆಯವರೆಗೂ ಕೊಂಡೊಯ್ದನು. ಮೂಲ ಇಟ್ಯಾಲಿಯನ್ ಮಾತಿನ ಅರ್ಥ ರಣಹದ್ದಲ್ಲ, ಸಾಮಾನ್ಯವಾದ ಹದ್ದು. ಜರ್ಮನ್ ಭಾಷಾಂತರದಲ್ಲಿ ಆದ ತಪ್ಪೆಂಬುದು ಆಮೇಲೆ ಬೆಳಕಿಗೆ ಬಂದಿತು. ಬಾಲ್ಯದಲ್ಲಿ ಬೇರನ್ನು ಹುಡುಕುವವರು ಮೊದಲು ಪಾಠಶುದ್ಧಿಯನ್ನು ನೋಡಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಮಿಲ್ಲನು ತಾನೇ ಮಾಡಿಕೊಂಡ ನಿದಾನವು ಬೇರೆಯಾಗಿದೆ. ಹೊಗಳಿಕೆ-ತೆಗಳಿಕೆ, ಬಹುಮಾನ-ಶಿಕ್ಷೆಗಳ ಮೂಲಕ ಲೋಕಹಿತದೊಡನೆ ಸುಖವನ್ನೂ ಲೋಕದ ಅಹಿತದೊಡನೆ ದುಃಖವನ್ನೂ ಬಾಲಕನ ಮನಸ್ಸಿನಲ್ಲಿ ಗಂಟುಹಾಕಿದ್ದರು. ಆದರೆ ಆ ಗಂಟು ಹೊರಗಿನಿಂದ ಹಾಕಿದ್ದು, ಒಳಗಿನಿಂದ ಬೆಳೆದದ್ದಲ್ಲ. ಅದೇ ಗುರುಗಳೇ ಎಲ್ಲವನ್ನೂ ಬಿಡಿಸಿ ನೋಡುವ ವಿಶ್ಲೇಷಣೆಯ ಅಭ್ಯಾಸವನ್ನೂ ಕಲಿಸಿದ್ದರು. ಕಲಿತ ಕತ್ತಿಯು ಕಟ್ಟಿದ ಗಂಟನ್ನೇ ಕಡಿಯಿತು. ಒಳ್ಳೆಯ ಹಡಗು, ಒಳ್ಳೆಯ ಚುಕ್ಕಾಣಿ; ಆದರೆ ಹಾಯಿಯಿಲ್ಲ ಎಂಬರ್ಥ ಬರುವಂತೆ ಅವನು ತನ್ನ ಸ್ಥಿತಿಯನ್ನು ಹೇಳಿಕೊಂಡಿದ್ದಾನೆ. ಈ ನಿದಾನದಲ್ಲಿ ತಂದೆಯ ಮೇಲೆ ದೂರಿಗಿಂತ ಹೆಚ್ಚಾಗಿ ತಂದೆಯ ಶಾಸ್ತ್ರದ ಮೇಲೆಯೇ ದೂರಿದೆಯೆಂಬುದು ಗಮನಾರ್ಹ. ಮನೋವಿಶ್ಲೇಷಕನು ಹೇಳುವುದು ಮಿಲ್ಲನಿಗೆ ತಿಳಿಯದಿದ್ದುದನ್ನು; ಮಿಲ್ಲನು ಹೇಳುವುದು ತನಗೆ ತಿಳಿದುದನ್ನು. ಅವನ ಗುಣಮುಖತೆಗೆ ಕಾರಣವಾದುದು ಅವನಿಗೆ ತಿಳಿದುದೇ ಆಗಿರುವುದರಿಂದ ಅದನ್ನು ಅನುಸರಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.

ಇಲ್ಲಿಂದ ಮುಂದಿನ ಘಟ್ಟವನ್ನು ಸಾಮಾನ್ಯವಾಗಿ ಜೀವನಚರಿತ್ರಕಾರರು ಬೇಗನೆ ದಾಟಿಬಿಡುತ್ತಾರೆ. ನಮಗೆ ಇದೇ ಇಡೀ ಕಥೆಯ ನಡುಗಂಬವೆಂದು ತೋರುತ್ತದೆ. ವಿಷಾದವು ಮತ್ತೆ ಮತ್ತೆ ಮರುಕಳಿಸಿದಾಗ ಅವನನ್ನು ಕಾಡಿದುದು ಒಂದು ತಾತ್ತ್ವಿಕ ಪ್ರಶ್ನೆ. ಮನುಷ್ಯನ ಶೀಲವು ಹಿಂದಿನ ಕಾರಣಗಳಿಂದ ನಿಶ್ಚಿತವಾದುದಾದರೆ, ತನ್ನ ಶೀಲವು ತನ್ನ ಕೈಮೀರಿದ ಬಾಲ್ಯದಲ್ಲಿಯೇ ಮುಗಿದುಹೋದ ಕೆಲಸವಲ್ಲವೇ? ರಾಬರ್ಟ್ ಓವೆನ್ನನ ಅನುಯಾಯಿಗಳು ಹಾಗೆಯೇ ಹೇಳುತ್ತಿದ್ದರು: ಮನುಷ್ಯನ ಶೀಲವನ್ನು ಅವನಿಗಾಗಿ ಇತರರು ರೂಪಿಸುತ್ತಾರೆ, ಅವನು ರೂಪಿಸಿಕೊಳ್ಳುವುದಿಲ್ಲ. ಬೇರೆಯವರಿಗೆ ಇದೊಂದು ವಾದದ ವಿಷಯ. ಮಿಲ್ಲನಿಗಾದರೋ ಎದೆಯ ಮೇಲೆ ಕುಳಿತ ಭೂತ. ಸ್ನೇಹಿತರಲ್ಲಿಯೇ ಕೆಲವರು ಅವನನ್ನು 'ತಯಾರಿಸಲ್ಪಟ್ಟ ಮನುಷ್ಯ'ನೆಂದು, ಅಚ್ಚೊತ್ತಿದ ಅಭಿಪ್ರಾಯಗಳನ್ನು ಒಪ್ಪಿಸುವವನೆಂದು ತಿಳಿದಿದ್ದರೆಂಬುದು ಅವನಿಗೆ ಆಮೇಲೆ ಗೊತ್ತಾಯಿತು.

ಅವನು ಕಂಡುಕೊಂಡ ಸಮಾಧಾನವು ೧೮೪೩ರಲ್ಲಿ ಪ್ರಕಟವಾದ 'ತರ್ಕಶಾಸ್ತ್ರ ಪದ್ಧತಿ'ಯ ಆರನೆಯ ಭಾಗದಲ್ಲಿದೆ. ಶೀಲವು ಪರಿಸ್ಥಿತಿಗಳಿಂದ ರೂಪುಗೊಳ್ಳುವುದು ನಿಜ. ಆದರೆ ಅದನ್ನು ತಿದ್ದಿಕೊಳ್ಳಬೇಕೆಂಬ ನಮ್ಮ ಬಯಕೆಯೂ ಆ ಪರಿಸ್ಥಿತಿಗಳಲ್ಲಿ ಒಂದು, ಮತ್ತು ಕಡಮೆ ಪ್ರಭಾವದ್ದಲ್ಲದ ಒಂದು. ನಮ್ಮನ್ನು ಬೆಳೆಸಿದವರು ನಾವು ಇಂಥವರಾಗಬೇಕೆಂದು ನೇರವಾಗಿ ಇಚ್ಛಿಸಿ ಮಾಡಲಿಲ್ಲ, ಅದಕ್ಕೆ ತಕ್ಕ ಸನ್ನಿವೇಶಗಳನ್ನು ಒದಗಿಸಿದರು. ಅವರಿಗೆ ಸಾಧ್ಯವಾದುದು ನಮಗೂ ಸಾಧ್ಯ, ನಾವೂ ನಮ್ಮನ್ನು ಬೇರೆ ಸನ್ನಿವೇಶಗಳಲ್ಲಿ ಇಟ್ಟುಕೊಳ್ಳಬಹುದು. ಆದರೆ ಆ ಬಯಕೆಯಾದರೂ ಎಲ್ಲಿಂದ ಬರುತ್ತದೆ? ಇದಕ್ಕೆ ಅವನು ಕೊಡುವ ಉತ್ತರವನ್ನು ನಿಧಾನವಾಗಿ ಓದಬೇಕು. ಹಿಂದೆ ನಮಗಿದ್ದ ಶೀಲದಿಂದ ಉಂಟಾದ ನೋವಿನ ಅನುಭವದಿಂದ ಬರಬಹುದು. ಅಥವಾ ಆಕಸ್ಮಿಕವಾಗಿ ಎಚ್ಚತ್ತ ಯಾವುದೋ ಪ್ರಬಲವಾದ ಮೆಚ್ಚುಗೆಯಿಂದಲೋ ಹಂಬಲದಿಂದಲೋ ಬರಬಹುದು. ಇಡೀ ಗ್ರಂಥವು ಅನುಮಾನ, ವ್ಯಾಪ್ತಿ, ಕಾರ್ಯಕಾರಣಗಳ ಶುಷ್ಕವಾದ ವಿವೇಚನೆ. ಅದರ ನಡುವೆ ಹೆಸರಿಲ್ಲದೆ ಅಡಗಿರುವ ಈ ವಾಕ್ಯದಲ್ಲಿ ೧೮೨೬ರ ನೋವೂ ಇದೆ, ಮಾರ್ಮೊಂತೆಲನೂ ಇದ್ದಾನೆ, ವರ್ಡ್ಸ್‌ವರ್ತನೂ ಇದ್ದಾನೆ. ಮೂವತ್ತು ವರ್ಷ ಮುಂಚಿತವಾಗಿಯೇ ಅಚ್ಚಾದ ಆತ್ಮಕಥೆಯ ಒಂದು ಪುಟವೆಂದು ನಾವು ಇದನ್ನು ಪರಿಗಣಿಸುತ್ತೇವೆ. ವ್ಯಕ್ತಿಯ ಬೆಳವಣಿಗೆಯೆಂದರೆ ಬಾಲ್ಯವನ್ನು ಅಳಿಸಿಹಾಕುವುದಲ್ಲ. ಅದು ತನ್ನಲ್ಲಿ ಹೇಗೆ ಕೆಲಸಮಾಡಿತೆಂದು ಅರಿತು, ಅದೇ ಕಾರಣಸರಪಳಿಯಲ್ಲಿ ತಾನೂ ಒಂದು ಕೊಂಡಿಯಾಗುವುದು—ಇದು ಮಿಲ್ಲನ ನಿರ್ಣಯ. ಫ್ರಾಯ್ಡನು ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲು ಬಂದ ಮಾತಿದು.

ಅರಿವು ಬಂದಮೇಲೂ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಬರಲು ಕಾಲ ಹಿಡಿಯಿತು. ಬೆಂಥಮನ ತತ್ತ್ವವನ್ನು ಟೀಕಿಸಿ ಅವನು ಮೊದಲು ಬರೆದ ಲೇಖನವು ೧೮೩೩ರಲ್ಲಿ ಎಡ್ವರ್ಡ್ ಬುಲ್ವರನ ಪುಸ್ತಕವೊಂದರ ಅನುಬಂಧವಾಗಿ, ಲೇಖಕನ ಹೆಸರಿಲ್ಲದೆ ಬಂದಿತು. ಆಗ ತಂದೆಯು ಬದುಕಿದ್ದನು. ೧೮೩೬ರ ಜೂನಿನಲ್ಲಿ ಜೇಮ್ಸನು ತೀರಿಕೊಂಡನು. ಆ ವರ್ಷವೇ ಮಗನಿಗೆ ತೀವ್ರವಾದ ಕಾಯಿಲೆಯಾಗಿ, ಅದರಿಂದ ಒಂದು ಕಣ್ಣಿನ ಮೇಲಿನ ನರವು ಅದುರುವ ತೊಂದರೆಯು ಉಳಿದುಕೊಂಡಿತೆಂದು ಅವನ ಸ್ನೇಹಿತ ಅಲೆಕ್ಸಾಂಡರ್ ಬೇನನು ದಾಖಲಿಸಿದ್ದಾನೆ. ಎರಡು ವರ್ಷಗಳ ಅನಂತರ, ೧೮೩೮ರಲ್ಲಿ, ಬೆಂಥಮನನ್ನು ಕುರಿತ ಪ್ರಸಿದ್ಧ ಪ್ರಬಂಧ ಹೊರಬಂದಿತು. ೧೮೪೦ರಲ್ಲಿ ಅದಕ್ಕೆ ಜೋಡಿಯಾದ ಕೋಲ್‌ರಿಜನ ಪ್ರಬಂಧ. ಬೆಂಥಮನಿಗೆ ವಿಷಾದವೆಂದರೇನೆಂದು ಗೊತ್ತಿರಲಿಲ್ಲ, ಕೊನೆಯವರೆಗೂ ಅವನು ಹುಡುಗನಾಗಿಯೇ ಉಳಿದನೆಂದು ಅಲ್ಲಿ ಮಿಲ್ಲನು ಬರೆದಾಗ, ಆ ಮಾತಿನ ಹಿಂದೆ ವಿಷಾದವನ್ನು ಕಂಡು ಹುಡುಗತನವನ್ನು ದಾಟಿಬಂದವನ ಅಧಿಕಾರವಿದೆ. ಇನ್ನೂ ಮುಂದೆ, ೧೮೫೯ರ 'ಸ್ವಾತಂತ್ರ್ಯ'ವೆಂಬ ಗ್ರಂಥದಲ್ಲಿ, ಮನುಷ್ಯಸ್ವಭಾವವು ಮಾದರಿಯೊಂದಕ್ಕೆ ಸರಿಯಾಗಿ ಕಟ್ಟಬಹುದಾದ ಯಂತ್ರವಲ್ಲ, ತನ್ನ ಜೀವಶಕ್ತಿಯಿಂದ ಎಲ್ಲ ಕಡೆಗೂ ಹಬ್ಬಿ ಬೆಳೆಯಬೇಕಾದ ಮರವೆಂದು ಅವನು ಸಾರಿದನು. 'ತಯಾರಿಸಲ್ಪಟ್ಟ ಮನುಷ್ಯ'ನು ಕೊಟ್ಟ ಪ್ರತ್ಯುತ್ತರವಿದು.

ಇನ್ನು ಎರಡು ಪಾಠಗಳ ವಿಚಾರ. ೧೮೫೩-೫೪ರ ಕರಡಿನಲ್ಲಿ ಬಾಲ್ಯದ ಚಿತ್ರವು ಪ್ರಕಟಿತ ಗ್ರಂಥದಲ್ಲಿರುವುದಕ್ಕಿಂತ ಬಹು ಕಠೋರವಾಗಿದೆ. ಪ್ರೀತಿಯ ಅಭಾವದಲ್ಲಿಯೂ ಭಯದ ಸಾನ್ನಿಧ್ಯದಲ್ಲಿಯೂ ತಾನು ಬೆಳೆದೆನೆಂಬ ಮಾತು ಅಲ್ಲಿದೆ. ಏನು ಮಾಡಬೇಕೆಂಬುದನ್ನು ಯಾವಾಗಲೂ ಹೇಳಿಸಿಕೊಂಡೋ ಬೈಸಿಕೊಂಡೋ ಅಭ್ಯಾಸವಾದುದರಿಂದ ಹೊಣೆಯನ್ನೆಲ್ಲ ತಂದೆಯ ಮೇಲೆ ಬಿಟ್ಟು, ಕೊನೆಗೆ ತನ್ನ ಅಂತಃಸಾಕ್ಷಿಯೂ ತಂದೆಯ ಧ್ವನಿಯಲ್ಲಲ್ಲದೆ ಮಾತನಾಡದಂತಾಯಿತೆಂದೂ ಹೇಳಿದ್ದಾನೆ. ತಂದೆಯನ್ನು ಮಕ್ಕಳು ಪ್ರೀತಿಸಲಿಲ್ಲವೆಂದು ಕರಡು ಹೇಳಿದರೆ, ಅಚ್ಚಾದ ಪುಸ್ತಕವು ಕಿರಿಯ ಮಕ್ಕಳು ಅವನನ್ನು ಮಮತೆಯಿಂದ ಪ್ರೀತಿಸಿದರೆಂದೂ, ತಾನು ಸದಾ ನಿಷ್ಠೆಯಿಂದಿದ್ದೆನೆಂದೂ ಹೇಳುತ್ತದೆ. ತಂದೆಯಲ್ಲಿ ಕೊರತೆಯಾಗಿದ್ದುದು ಮಾರ್ದವ. ಆದರೆ ಅದು ಸ್ವಭಾವದ ದೋಷವಲ್ಲ, ಭಾವವನ್ನು ಹೊರಗೆ ತೋರಲು ನಾಚುವ ಇಂಗ್ಲಿಷರ ಪದ್ಧತಿಯಲ್ಲಿ ಅದು ಬತ್ತಿಹೋಗಿತ್ತು. ಒಬ್ಬನೇ ಎಲ್ಲರಿಗೂ ಗುರುವಾಗಿ ದುಡಿದವನ ಕಷ್ಟವನ್ನೂ ನೆನೆಯಬೇಕು. ಆ ಕಾಠಿಣ್ಯದಿಂದ ತನಗೆ ಲಾಭವೆಷ್ಟು, ನಷ್ಟವೆಷ್ಟು ಎಂದು ತೀರ್ಪು ಕೊಡಲು ಅವನು ಹಿಂಜರಿಯುತ್ತಾನೆ. ಲೋಕಮರ್ಯಾದೆಗಾಗಿ ಮಾಡಿದ ತಿದ್ದುಪಡಿಯೆಂದು ಇದನ್ನು ಕೆಲವರು ಕರೆಯಬಹುದು. ನಮಗೆ ಹಾಗೆ ತೋರುವುದಿಲ್ಲ. ತನ್ನನ್ನು ರೂಪಿಸಿದವನೂ ಯಾವುದರಿಂದಲೋ ರೂಪಿತನಾದವನೆಂದು ಕಾಣುವುದು ಆ ತರ್ಕಶಾಸ್ತ್ರದ ವಾಕ್ಯವನ್ನು ತಂದೆಗೂ ಅನ್ವಯಿಸಿದ ಫಲ. ಜೇಮ್ಸನು ಸ್ಕಾಟ್ಲೆಂಡಿನ ಹಳ್ಳಿಯಲ್ಲಿ ಜೋಡು ಹೊಲಿಯುವವನ ಮಗನಾಗಿ ಹುಟ್ಟಿ, ಹುಡುಗನು ದೊಡ್ಡಮನುಷ್ಯನಾಗಲೇಬೇಕೆಂದು ಹಟತೊಟ್ಟ ತಾಯಿಯ ಕೈಯಲ್ಲಿ ಬೆಳೆದವನೆಂಬುದನ್ನು ಇಲ್ಲಿ ನೆನೆದುಕೊಳ್ಳಬಹುದು.

ತಾಯಿಯ ವಿಷಯ ಬಂದಾಗ ಮಾತ್ರ ಕಥೆ ಬೇರೆಯಾಗುತ್ತದೆ. ಒಂಬತ್ತು ಮಕ್ಕಳನ್ನು ಹೆತ್ತು, ಗಂಡನ ಲೇಖನಿಯಿಂದ ಬರುತ್ತಿದ್ದ ಅನಿಶ್ಚಿತವಾದ ವರಮಾನದಲ್ಲಿ ಸಂಸಾರ ನಡೆಸಿದ ಆ ಹೆಂಗಸು ಪ್ರಕಟಿತ ಆತ್ಮಕಥೆಯಲ್ಲಿ ಇಲ್ಲವೇ ಇಲ್ಲ. ತಂದೆಯ ಮಗನಾಗಿಯೇ, ತಂದೆಯೊಬ್ಬನಿಂದಲೇ, ಅವನು ಹುಟ್ಟಿಬಂದಂತೆ ತೋರುತ್ತದೆ. ಕರಡಿನಲ್ಲಿ ಅವಳು ಇದ್ದಳು, ಆದರೆ ಹೇಗೆ? ಇಂಗ್ಲೆಂಡಿನಲ್ಲಿ ಅಪರೂಪವಾದ ನಿಜವಾದ ಪ್ರೇಮಮಯಿ ತಾಯಿಯೊಬ್ಬಳು ಇದ್ದಿದ್ದರೆ ತಂದೆಯೇ ಬೇರೆ ಮನುಷ್ಯನಾಗುತ್ತಿದ್ದನು, ಮಕ್ಕಳು ಪ್ರೀತಿಸುವುದನ್ನು ಕಲಿಯುತ್ತಿದ್ದರು. ಇವಳಾದರೋ ದಯಾಳುವಾಗಿ ದುಡಿದಳೇ ಹೊರತು ಪ್ರೀತಿಯನ್ನೂ ಗೌರವವನ್ನೂ ಪಡೆಯುವ ಗುಣ ಅವಳಲ್ಲಿರಲಿಲ್ಲ—ಇದು ಅಲ್ಲಿನ ಮಾತಿನ ಸಾರಾಂಶ. ಇತಿಹಾಸಕಾರನು ಇಲ್ಲಿ ಕರಡಿನ ಕಾಲವನ್ನು ಕೇಳಬೇಕು. ೧೮೫೧ರಲ್ಲಿ ಮಿಲ್ಲನು ತನ್ನ ಇಪ್ಪತ್ತು ವರ್ಷಗಳ ಗೆಳತಿ ಹ್ಯಾರಿಯೆಟ್ ಟೇಲರಳನ್ನು ವಿವಾಹವಾದನು. ತಾಯಿಯೂ ತಂಗಿಯರೂ ಸೊಸೆಯನ್ನು ತಕ್ಕ ಸಮಯದಲ್ಲಿ ಬಂದು ಕಾಣಲಿಲ್ಲವೆಂಬ ಕಾರಣದಿಂದ ಅವನು ಅವರೊಡನೆ ಮನಸ್ತಾಪ ಬೆಳೆಸಿಕೊಂಡನು. ಆ ಮನಸ್ತಾಪವು ಕುದಿಯುತ್ತಿದ್ದಾಗಲೇ, ತಾನೂ ಹೆಂಡತಿಯೂ ಕ್ಷಯದಿಂದ ಬೇಗ ಸಾಯುವೆವೆಂಬ ಆತಂಕದಲ್ಲಿ, ಕರಡು ರಚಿತವಾಯಿತು. ಹೆಂಡತಿಯು ಅದನ್ನು ಓದಿ ತಿದ್ದುಪಡಿಗಳನ್ನು ಗುರುತುಮಾಡಿದಳು. ೧೮೫೪ರ ಜೂನಿನಲ್ಲಿ ತಾಯಿ ತೀರಿಕೊಂಡಳು. ಹಾಗಾದರೆ ಆ ಪುಟಗಳು ೧೮೧೦ರ ತಾಯಿಯನ್ನು ಕುರಿತ ಸಾಕ್ಷ್ಯವೋ, ೧೮೫೩ರ ಮಗನನ್ನು ಕುರಿತ ಸಾಕ್ಷ್ಯವೋ? ಎರಡನೆಯದೆನ್ನುವುದೇ ಹೆಚ್ಚು ಕ್ಷೇಮ. ಗಂಡಹೆಂಡಿರು ಒಂದೇ ಸೂರಿನ ಕೆಳಗೆ ಉತ್ತರಧ್ರುವ ದಕ್ಷಿಣಧ್ರುವಗಳಷ್ಟು ದೂರವಾಗಿ ಬಾಳಿದರೆಂದು ಮಿಲ್ಲನ ತಂಗಿಯೊಬ್ಬಳು ಬರೆದಿರುವ ಕಾಗದವಿದೆ. ಆ ದೂರದಲ್ಲಿ ತಾಯಿಯ ಪಾಲೆಷ್ಟು, ತಂದೆಯ ಪಾಲೆಷ್ಟು ಎಂದು ಅಣ್ಣನು ಎಂದೂ ಕೇಳಿಕೊಳ್ಳಲಿಲ್ಲ. ತಂದೆಯನ್ನು ಕುರಿತ ಕಠೋರವಾದ ಪುಟಗಳನ್ನು ಅವನು ತಿದ್ದಿದನು. ತಾಯಿಯನ್ನು ಕುರಿತ ಪುಟಗಳನ್ನು ತಿದ್ದಲಿಲ್ಲ, ತೆಗೆದುಹಾಕಿದನು. ಸ್ತ್ರೀಯರ ದಾಸ್ಯವನ್ನು ಖಂಡಿಸಿ ೧೮೬೯ರಲ್ಲಿ ಗ್ರಂಥವನ್ನೇ ಪ್ರಕಟಿಸಿದ ಮಹನೀಯನ ವಿಷಯದಲ್ಲಿ ಇದನ್ನು ಹೇಳಬೇಕಾಗಿ ಬಂದುದು ಖೇದಕರ.

ಭಾರತೀಯರಾದ ನಮಗೆ ಹತ್ತಿರವಾದ ಇನ್ನೊಂದು ಅಂಶವು ಉಳಿದಿದೆ. ಇತಿಹಾಸಗ್ರಂಥವು ಅಚ್ಚಾಗುತ್ತಿದ್ದಾಗ ತಂದೆಯು ಕರಡಚ್ಚನ್ನು ತಿದ್ದುತ್ತಿದ್ದರೆ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದವನು ಈ ಬಾಲಕನೇ. ಹಿಂದೂ ಸಮಾಜವನ್ನು ಅನಾಗರಿಕವೆಂದು ತೂಗಿದ ಆ ಅಧ್ಯಾಯಗಳು ಹನ್ನೊಂದರ ವಯಸ್ಸಿನಲ್ಲಿ ಅವನ ಕಂಠದಿಂದಲೇ ಹೊರಟವು. ಅದರಿಂದ ತನಗೆ ದೊರೆತ ಹೊಸ ವಿಚಾರಗಳನ್ನು ಅವನು ಆತ್ಮಕಥೆಯಲ್ಲಿ ಕೊಂಡಾಡಿದ್ದಾನೆ. ಅತ್ಯಂತ ಬೋಧಪ್ರದವಾದ ಇತಿಹಾಸಗಳಲ್ಲಿ ಅದೂ ಒಂದೆಂದು ಹೊಗಳಿದ್ದಾನೆ. ೧೮೫೮ರಲ್ಲಿ ಕಂಪೆನಿಯ ಆಳ್ವಿಕೆಯು ಕೊನೆಗೊಳ್ಳುವವರೆಗೆ ಮೂವತ್ತೈದು ವರ್ಷ ಅವನು ಭಾರತಕ್ಕೆ ಕಳುಹಿಸುವ ಕಾಗದಪತ್ರಗಳನ್ನು ಬರೆಯುತ್ತಿದ್ದನು. ಅವನ ಭಾರತನೀತಿಯೆಲ್ಲವೂ ತಂದೆಯದೇ ಎಂದರೆ ತಪ್ಪಾಗುತ್ತದೆ: ಮೆಕಾಲೆಯ ಪ್ರೇರಣೆಯಿಂದ ೧೮೩೫ರಲ್ಲಿ ಬಂದ ಇಂಗ್ಲಿಷ್ ಶಿಕ್ಷಣದ ನಿರ್ಣಯವನ್ನು ಟೀಕಿಸಿ, ಸಂಸ್ಕೃತ ಅರಬ್ಬೀ ವಿದ್ವಾಂಸರ ಪರವಾಗಿ ೧೮೩೬ರಲ್ಲಿ ಅವನು ಬರೆದ ಕರಡನ್ನು ಮೇಲಿನವರು ತಡೆದುಬಿಟ್ಟರು. ಆದರೂ ಮರದಂತೆ ಬೆಳೆಯಬೇಕಾದ ಮನುಷ್ಯನನ್ನು ಸಾರಿದ ಆ 'ಸ್ವಾತಂತ್ರ್ಯ' ಗ್ರಂಥದ ಮೊದಲ ಅಧ್ಯಾಯದಲ್ಲಿಯೇ, ಇಡೀ ಜನಾಂಗಗಳೇ ಇನ್ನೂ ಬಾಲ್ಯಾವಸ್ಥೆಯಲ್ಲಿವೆಯೆಂದೂ, ಅವುಗಳಿಗೆ ಈ ತತ್ತ್ವವು ಅನ್ವಯಿಸದೆಂದೂ, ದೊರೆತರೆ ಒಬ್ಬ ಅಕ್ಬರನಿಗೋ ಷಾರ್ಲಮೇನನಿಗೋ ವಿಧೇಯವಾಗಿರುವುದೇ ಅವುಗಳ ಭಾಗ್ಯವೆಂದೂ ಬರೆದನು. ಬಾಲ್ಯವೆಂದರೆ ವಿಧೇಯತೆಯೆಂಬ ಪಾಠವನ್ನು ಅವನು ಎಲ್ಲಿ ಕಲಿತನೆಂದು ನಾವು ಬಲ್ಲೆವು.

ಮನಸ್ಸಿನ ವ್ಯಾಪಾರಗಳನ್ನು ವಿಶ್ಲೇಷಿಸಿ ತಂದೆಯು ೧೮೨೯ರಲ್ಲಿ ಪ್ರಕಟಿಸಿದ್ದ ಗ್ರಂಥವನ್ನು ಮಗನು ೧೮೬೯ರಲ್ಲಿ ಮತ್ತೆ ಅಚ್ಚುಹಾಕಿಸಿದನು. ಬೇನ್ ಮುಂತಾದ ವಿದ್ವಾಂಸರೊಡನೆ ಸೇರಿ, ತಂದೆಯು ಎಲ್ಲಿ ಎಡವಿದನು, ಎಲ್ಲಿ ಕಡಮೆ ಹೇಳಿದನು ಎಂಬುದನ್ನು ವಿನಯದಿಂದ ಪುಟದ ಅಡಿಯಲ್ಲಿಯೂ ಅಧ್ಯಾಯದ ಕೊನೆಯಲ್ಲಿಯೂ ಬರೆದನು. ಭಾರತದ ಇತಿಹಾಸಕ್ಕೂ ಅಂತಹ ಅಡಿಟಿಪ್ಪಣಿಗಳು ಬಂದವು. ೧೮೪೦ರಿಂದ ಮೊದಲಾದ ಆ ಆವೃತ್ತಿಯಲ್ಲಿ ಅವುಗಳನ್ನು ಬರೆದವನು ಸಂಸ್ಕೃತ ವಿದ್ವಾಂಸನಾದ ಹೊರೇಸ್ ಹೇಮನ್ ವಿಲ್ಸನ್, ಮಗನಲ್ಲ.